ಅಮಾರಿ ಘೋಷಣೆ: ಶಿಲಾಶಾಸನದಿಂದ ನ್ಯಾಯಪೀಠದವರೆಗೆ

ಪ್ರಾಣಿವಧೆಯ ನಿಷೇಧವನ್ನು ನಮ್ಮ ಪರಂಪರೆ ‘ಅಮಾರಿ’ ಎಂದು ಕರೆದಿದೆ. ಅದು ಮುನಿಗಳ ಉಪದೇಶವಾಗಿ ಮಾತ್ರ ಉಳಿಯದೆ ರಾಜಾಜ್ಞೆಯಾಗಿ ಪರಿಣಮಿಸಿದ ಬಗೆ ಗಮನಾರ್ಹವಾದುದು. ಆಚಾರ್ಯ ಹೇಮಚಂದ್ರರ ಭಕ್ತನಾಗಿದ್ದ ಚೌಲುಕ್ಯ ಅರಸ ಕುಮಾರಪಾಲನ ಸಾಮಂತ ಆಲ್ಹಣದೇವನು 1152ರಲ್ಲಿ, ಇಂದಿನ ರಾಜಸ್ಥಾನದ ಬಾಡಮೇರ್ ಬಳಿಯ ಕಿರಾಡುವಿನಲ್ಲಿ ಒಂದು ಶಾಸನ ಬರೆಯಿಸಿದನು. ಎರಡೂ ಪಕ್ಷಗಳ ಅಷ್ಟಮಿ, ಏಕಾದಶಿ, ಚತುರ್ದಶಿಗಳಂದು ಪ್ರಾಣಿವಧೆ ಕೂಡದು, ತಪ್ಪಿದವರಿಗೆ ದಂಡ. ಅಷ್ಟಮಿ, ಚತುರ್ದಶಿಗಳು ನಮ್ಮ ಪರ್ವತಿಥಿಗಳೆಂಬುದು ಸರ್ವವಿದಿತ. ಏಕಾದಶಿಯ ಸೇರ್ಪಡೆಯಿಂದ ಅನ್ಯಮತೀಯರ ಉಪವಾಸದ ದಿನಕ್ಕೂ ಮನ್ನಣೆ ದೊರೆಯಿತೆನ್ನಬಹುದು. ಪೂರ್ಣ ತ್ಯಾಗವನ್ನು ವಿಧಿಸದೆ ಮಿತಿಯನ್ನು ಕಟ್ಟುವ ಈ ಕ್ರಮವು ಮುನಿಯ ಮಹಾವ್ರತಕ್ಕಿಂತ ಶ್ರಾವಕನ ಅಣುವ್ರತಕ್ಕೆ ಹತ್ತಿರವಾದುದು.

1583ರಲ್ಲಿ ಫತೇಪುರ ಸಿಕ್ರಿಗೆ ಬಂದ ಹೀರವಿಜಯ ಸೂರಿಗಳ ಪ್ರಭಾವದಿಂದ ಅಕ್ಬರನೂ ಪರ್ಯುಷಣದ ದಿನಗಳಿಗೆ ಇಂಥದೇ ಫರ್ಮಾನು ಹೊರಡಿಸಿದನು.

ಗಣರಾಜ್ಯದಲ್ಲಿ ಅರಸನ ಆಜ್ಞೆಯಿಲ್ಲ. ಕಸಾಯಿಯ ಜೀವನೋಪಾಯಕ್ಕೂ ಸಂವಿಧಾನದ ರಕ್ಷಣೆಯುಂಟು. ಅಹಮದಾಬಾದ್ ಮಹಾನಗರಪಾಲಿಕೆಯು ಪರ್ಯುಷಣದಲ್ಲಿ ಕಸಾಯಿಖಾನೆಗಳನ್ನು ಮುಚ್ಚಲು 1998 ಮತ್ತು 1999ರಲ್ಲಿ ನಿರ್ಣಯಿಸಿದಾಗ ಆ ವೃತ್ತಿಯವರು ನ್ಯಾಯಾಲಯದ ಮೊರೆಹೊಕ್ಕರು. ಅವರ ಅಹವಾಲು ಅಲ್ಲಗಳೆಯುವಂಥದಲ್ಲ. 2005ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ನಿರ್ಣಯಗಳನ್ನು ರದ್ದುಪಡಿಸಿತು. ಆದರೆ 2008ರ ಮಾರ್ಚ್ 14ರಂದು ಸರ್ವೋಚ್ಚ ನ್ಯಾಯಾಲಯವು ಅವನ್ನು ಎತ್ತಿಹಿಡಿಯಿತು. ವರ್ಷದಲ್ಲಿ ಕೇವಲ 9 ದಿನಗಳ ನಿರ್ಬಂಧವು ವೃತ್ತಿಸ್ವಾತಂತ್ರ್ಯಕ್ಕೆ ವಿಪರೀತ ಬಾಧಕವಲ್ಲ, ಯುಕ್ತವಾದುದು ಎಂಬುದು ಅದರ ತರ್ಕ. ನಾಲ್ಕು ಶತಮಾನಗಳ ಹಿಂದಿನ ಅಕ್ಬರನ ನಿದರ್ಶನವನ್ನೂ ಆ ತೀರ್ಪು ಸ್ಮರಿಸಿದೆ.