ಮೊಲಕ್ಕೆ ತಿನ್ನಿಸಿದ ಕೊಲೆಸ್ಟ್ರಾಲ್, ನಮ್ಮ ಮಕ್ಕಳ ತಟ್ಟೆಯ ಮೊಟ್ಟೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯದ ತಜ್ಞರ ಸಮಿತಿಯೊಂದು ಆರೋಗ್ಯದ ಬಗ್ಗೆ ಕೊಟ್ಟ ಪೊಸಿಷನ್ ಪೇಪರ್ ನೆನಪಿದೆಯಾ? ಭಾರತೀಯರದ್ದು ಸಣ್ಣ ಮೈಕಟ್ಟು, ಮೊಟ್ಟೆ ಮಾಂಸ ದಿನಾ ತಿಂದರೆ ಕೊಲೆಸ್ಟ್ರಾಲ್‌ನಿಂದ ಬರುವ ಹೆಚ್ಚುವರಿ ಶಕ್ತಿ ಜೀವನಶೈಲಿ ಕಾಯಿಲೆಗಳನ್ನು ತರುತ್ತೆ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಅದಕ್ಕೆ ಕೆಲವೇ ತಿಂಗಳು ಮುಂಚೆ, 2021ರ ಡಿಸೆಂಬರ್‌ನಲ್ಲಿ, ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಗಿತ್ತು. ಕೆಲವು ಮಠಾಧೀಶರು ವಿರೋಧಿಸಿದ್ದರು. ಮಠ ಹೇಳಿದರೆ ನಾವು ಜಗಳಕ್ಕೆ ನಿಲ್ತೀವಿ, 'ವಿಜ್ಞಾನ' ಹೇಳಿದರೆ ಬಾಯಿ ಮುಚ್ಕೊಂಡು ಕೂರ್ತೀವಿ. ಹಂಗಾಗಿ ಈ ವಿಜ್ಞಾನದ ಬೇರು ಎಲ್ಲಿದೆ ಅಂತ ಹುಡುಕೋಕೆ ಕೂತೆ.

ಮೊದಲನೇದು, ಕೊಲೆಸ್ಟ್ರಾಲ್ ಶಕ್ತಿ ಕೊಡೋ ಪದಾರ್ಥವೇ ಅಲ್ಲ. ದೇಹ ಅದನ್ನು ಉರಿಸಿ ಕ್ಯಾಲೊರಿ ಮಾಡ್ಕೊಳ್ಳಲ್ಲ. ಜೀವಕೋಶದ ಪೊರೆಗೆ, ಹಾರ್ಮೋನಿಗೆ, ಪಿತ್ತರಸಕ್ಕೆ ಬಳಸುತ್ತೆ. ಅದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತೆ. ತಜ್ಞರ ಪೇಪರಿನಲ್ಲಿ ಇಷ್ಟು ದೊಡ್ಡ ತಪ್ಪು!

ಕಥೆ 1913ರ ರಷ್ಯಾದಿಂದ ಶುರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಎಂಬ ವಿಜ್ಞಾನಿ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿದರು. ಮೊಲಗಳ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿತು. ದೊಡ್ಡ ಶೋಧವೇ ಅದು, ಅನುಮಾನ ಇಲ್ಲ. ಆದರೆ ಮೊಲ ಹುಲ್ಲು ತಿನ್ನೋ ಪ್ರಾಣಿ. ಶುದ್ಧ ಸಸ್ಯಾಹಾರಿಗೆ ಆಗಿದ್ದೇ ಎಲ್ಲರಿಗೂ ಆಗುತ್ತೆ ಅಂತ ತಿಳಿಯೋದು ನಮ್ಮ ದೇಶಕ್ಕೆ ಹೊಸದೇನಲ್ಲ ಬಿಡಿ.

ಆಮೇಲೆ ಅಮೆರಿಕದ ಆನ್ಸೆಲ್ ಕೀಸ್ ಬಂದರು. ಹೃದಯದ ಕಾಯಿಲೆಗೆ ಆಹಾರದ ಕೊಬ್ಬೇ ಕಾರಣ ಅಂತ ಸಾರಿ, 1961ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಹೋದರು. ಮಜಾ ಅಂದರೆ, ನಾವು ಸಾಮಾನ್ಯವಾಗಿ ತಿನ್ನುವ ಊಟದಲ್ಲಿರೋ ಕೊಲೆಸ್ಟ್ರಾಲ್ ರಕ್ತದ ಕೊಲೆಸ್ಟ್ರಾಲನ್ನು ಅಷ್ಟೇನೂ ಏರಿಸಲ್ಲ ಅಂತ 1950ರ ದಶಕದಲ್ಲೇ ಬರೆದವರು ಇದೇ ಕೀಸ್. ಆದರೂ 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿ.ಗ್ರಾಂ, ವಾರಕ್ಕೆ ಮೂರೇ ಹಳದಿ ಅಂತ ಗೆರೆ ಎಳೀತು. 2015-20ರ ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿ ಆ 300ರ ಮಿತಿಯನ್ನು ಕೈಬಿಟ್ಟಿತು. ಅಷ್ಟೊತ್ತಿಗೆ ಆ ಭಯ ನಮ್ಮೂರ ಮೆಡಿಕಲ್ ಶಾಪ್ ತನಕ ಬಂದಾಗಿತ್ತು.

ಸಕ್ಕರೆ ಕಥೆ ಇದಕ್ಕಿಂತ ಕೆಟ್ಟದ್ದು. ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ ಹಾರ್ವರ್ಡ್‌ನ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟು, ತಪ್ಪನ್ನೆಲ್ಲ ಕೊಬ್ಬಿನ ಮೇಲೆ ಹೊರಿಸಿ ಸಕ್ಕರೆಯನ್ನು ಹಗುರ ಮಾಡುವ ಲೇಖನ ಬರೆಸಿತು. 1967ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ದುಡ್ಡು ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ಹಳೇ ಪತ್ರಗಳನ್ನು ಕೆದಕಿ 2016ರಲ್ಲಿ ಇದನ್ನು ಬಯಲಿಗೆಳೆದವರಲ್ಲಿ ಮುಖ್ಯರಾದವರು ಕ್ರಿಸ್ಟಿನ್ ಕರ್ನ್ಸ್, ಹಲ್ಲಿನ ಡಾಕ್ಟರ್.

ನನ್ನನ್ನು ಹೆಚ್ಚು ಕಾಡಿದ್ದು ಮಿನೆಸೋಟ ಪ್ರಯೋಗ. 1968ರಿಂದ 73ರವರೆಗೆ ಆರು ಸರ್ಕಾರಿ ಮಾನಸಿಕ ಆಸ್ಪತ್ರೆ, ಒಂದು ನರ್ಸಿಂಗ್ ಹೋಮ್, 9,423 ಜನ. ಒಂದು ಗುಂಪಿಗೆ ಮಾಮೂಲಿ ಊಟ, ಇನ್ನೊಂದಕ್ಕೆ ಮೆಕ್ಕೆಜೋಳದ ಎಣ್ಣೆಯ ಊಟ. ಎಣ್ಣೆ ತಿಂದವರ ಕೊಲೆಸ್ಟ್ರಾಲ್ ಇಳೀತು, ಸಾವು ಮಾತ್ರ ಕಡಿಮೆ ಆಗಲಿಲ್ಲ. ಫಲಿತಾಂಶ ಅಚ್ಚಾಗಿದ್ದು 1989ರಲ್ಲಿ, ಅದೂ ಪೂರ್ತಿ ಅಲ್ಲ. ಉಳಿದ ದಾಖಲೆ ಪೆಟ್ಟಿಗೆಗಳು ಸಂಶೋಧಕರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಧೂಳು ತಿಂತಾ ಇದ್ದವು. ಹೊರಗೆ ಬಂದು ಮತ್ತೆ ಲೆಕ್ಕ ಹಾಕಿದ್ದು 2016ರಲ್ಲಿ. ಬಹಳ ಜನ ಮಧ್ಯದಲ್ಲೇ ಬಿಟ್ಟುಹೋಗಿದ್ದರಿಂದ ಆ ಪ್ರಯೋಗ ಒಂದೇ ಕೊನೇ ಮಾತೂ ಅಲ್ಲ. ಆದರೆ ನಾನು ಗುಮಾಸ್ತ. ಬೇಡವಾದ ಕಾಗದ ಹೇಗೆ ಬೀರುವಿನ ಕೆಳಗಿನ ಅರೆಗೆ ಸೇರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಯಾರ ಮೈಮೇಲೆ ಆ ಪ್ರಯೋಗ ನಡೆದಿತ್ತೋ ಅವರು ಬಂದು ಫೈಲ್ ಎಲ್ಲಿ ಅಂತ ಕೇಳೋ ಸ್ಥಿತಿಯಲ್ಲೂ ಇರಲಿಲ್ಲ.

ಇಷ್ಟು ಓದಿ 'ಹಂಗಾದ್ರೆ ಕೊಲೆಸ್ಟ್ರಾಲೇ ಸುಳ್ಳು' ಅನ್ನಬೇಡಿ. ನಮ್ಮ ಕೇರಿಯ ದೊಡ್ಡಪ್ಪ ಒಬ್ಬರು ಹಂಗೇ ಅಂದ್ಕೊಂಡರು. ಸ್ಟೆಂಟ್ ಹಾಕಿಸಿಕೊಂಡವರು, ಯಾವುದೋ ವಾಟ್ಸಾಪ್ ವಿಡಿಯೋ ನೋಡಿ ಮಾತ್ರೆ ಬಿಟ್ಟರು. ಎಂಟೇ ತಿಂಗಳಿಗೆ ಮತ್ತೆ ಎದೆನೋವು, ರಾತ್ರಿ ಆಟೋದಲ್ಲಿ ಓಡಿದ್ವಿ. ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿಯಾದರೆ ನಾಳ ಕಟ್ಟುತ್ತೆ ಅನ್ನೋದು ನಿಜ. ಅದನ್ನು ದೇಹ ಹೇಗೆ ನಿಭಾಯಿಸುತ್ತೆ ಅಂತ ತೋರಿಸಿದ ಬ್ರೌನ್, ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ಟಾಟಿನ್ ಮಾತ್ರೆ ಸಾವನ್ನು ಶೇ. 30ರಷ್ಟು ತಗ್ಗಿಸಿತು. ಮಾತ್ರೆ ಕಂಪನಿ ಲಾಭ ಮಾಡಿದ್ದೂ ನಿಜ, ಜೀವ ಉಳಿದಿದ್ದೂ ನಿಜ. ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸೋದೂ ನಿಜವೇ. ಒಂದು ಮೊಟ್ಟೆಯಲ್ಲಿ ಅದು ಸುಮಾರು ಒಂದೂವರೆ ಗ್ರಾಂ, ಪ್ರೋಟೀನ್ ಆರು ಗ್ರಾಂ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬೇ. ತುಪ್ಪವನ್ನು ಯಾವ ಮಠ ಬೇಡ ಅಂದಿದ್ದನ್ನೂ ನಾನು ಕೇಳಿಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೊಟ್ಟೆಗಿಲ್ಲದೆ ಕುಗ್ಗಿದ ಮೈಯನ್ನೇ 'ಭಾರತೀಯರ ಸಣ್ಣ ಮೈಕಟ್ಟು' ಅಂತ ಕರೆದು, ಅದನ್ನೇ ಮೊಟ್ಟೆ ಬೇಡ ಅನ್ನೋಕೆ ಕಾರಣ ಮಾಡ್ಕೊಂಡರು ನೋಡಿ.

ದೊಡ್ಡಪ್ಪ ಈಗ ಮಾತ್ರೆ ತಗೋತಾರೆ. ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಲ್ಲಿ ಮೊಟ್ಟೆ ಕೊಡ್ತಾರೆ, ಬೇಡ ಅಂದವರಿಗೆ ಬಾಳೆಹಣ್ಣು. ನಿಮ್ಮೂರ ಶಾಲೆಯಲ್ಲಿ ಮೊಟ್ಟೆ ಸರಿಯಾಗಿ ಕೊಡ್ತಿದ್ದಾರಾ? ಹೋಗಿ ನೋಡಿ, ಕಾಮೆಂಟಲ್ಲಿ ಬರೀರಿ.