ಬಿಳಿ ಪರದೆ ಬರುವ ಮುಂಚೆ

ಹಳೆಯ ಮನೆಗಳ ಗೋಡೆಯ ಮೇಲೆ ಇಂಥದ್ದೊಂದು ಫೋಟೊ ನೋಡಿರುತ್ತೀರಿ. ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ದೊಡ್ಡ ಕಂಬ, ಮೆಟ್ಟಿಲು, ಹೂದೋಟ. ಅಂಥ ಕಂಬದ ಮನೆಯಲ್ಲಿ ಅವರು ಒಂದು ದಿನವೂ ಇದ್ದವರಲ್ಲ. ಅದು ಸ್ಟುಡಿಯೋದ ಪರದೆ.

ಫೋಟೊ ತೆಗೆಯುವ ಡಾಗೇರ್ ವಿಧಾನ 1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಒಂದು ಚಿತ್ರಕ್ಕಾಗಿ ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ.

ಆಗ ಇದ್ದ ಬೆಳಕು ಸೂರ್ಯನದೊಂದೇ. ಹಾಗಾಗಿ ಸ್ಟುಡಿಯೋಗಳು ಮೇಲಿನ ಮಹಡಿಯಲ್ಲಿ, ಗಾಜಿನ ಮಾಡಿನ ಕೆಳಗೆ ಇರುತ್ತಿದ್ದವು. ಗಾಜು ಉತ್ತರಕ್ಕೆ ಮುಖ ಮಾಡಿರುತ್ತಿತ್ತು, ಯೂರೋಪಿನಲ್ಲಿ ಆ ಕಡೆಯಿಂದ ನೇರ ಬಿಸಿಲು ಬರುವುದು ಅಪರೂಪ. ನಮ್ಮಲ್ಲಿ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ವಾಲಿರುತ್ತಾನೆ. ಇಂಥ ಬಿಸಿಲಿಗೆ ಗಾಜಿನ ಕೆಳಗೆ ಬಿಳಿ ಬಟ್ಟೆ ಎಳೆಯಬೇಕು. ಇಂದಿನ ಸ್ಟುಡಿಯೋದ ಛತ್ರಿ ಲೈಟು ಮಾಡುವುದೂ ಅದೇ ಕೆಲಸ: ಬೆಳಕನ್ನು ಹರಡಿ ಮೆದುವಾಗಿಸುವುದು.

ಆ ಕಾಲದ ಪ್ಲೇಟುಗಳಿಗೆ ಇನ್ನೊಂದು ದೋಷವಿತ್ತು. ಅವು ಮುಖ್ಯವಾಗಿ ನೀಲಿ ಬೆಳಕನ್ನಷ್ಟೇ ಹಿಡಿಯುತ್ತಿದ್ದವು. ಕೆಂಪು ಸೀರೆ ಕಪ್ಪಾಗಿ ಬರುತ್ತಿತ್ತು, ಕಂದು ಮೈಬಣ್ಣ ಇದ್ದದ್ದಕ್ಕಿಂತ ಹೆಚ್ಚು ಕಪ್ಪಾಗಿ ಕಾಣುತ್ತಿತ್ತು. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಲೇಟು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಮುಖಕ್ಕೆ ಪೌಡರ್ ಬಳಿದದ್ದು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡಿದ್ದು ಬರೀ ಬಿಳಿ ಬಣ್ಣದ ಮೋಹದಿಂದಲ್ಲ. ಪ್ಲೇಟಿನ ತಪ್ಪನ್ನು ಕೈಯಿಂದ ತಿದ್ದುವ ಕೆಲಸವೂ ಅದರಲ್ಲಿತ್ತು. ಬಣ್ಣ ಹೇಗೂ ಮೂಡದ ಕಾರಣ ಪರದೆಗಳನ್ನೂ ಹೆಚ್ಚಾಗಿ ಬೂದು, ಕಂದು ಛಾಯೆಗಳಲ್ಲೇ ಬರೆಯುತ್ತಿದ್ದರು.

ಪರದೆಯ ಕಂಬ, ಮೆಟ್ಟಿಲುಗಳ ಮಾದರಿ ಯೂರೋಪಿನದು. ಆದರೆ ಕಂಪನಿ ನಾಟಕದಲ್ಲಿ ಅರಮನೆ ಪರದೆ, ಕಾಡಿನ ಪರದೆ ನೋಡಿದ್ದ ನಮ್ಮ ಜನಕ್ಕೆ ಅದು ಅಪರಿಚಿತ ಅನ್ನಿಸುವಂಥದ್ದಲ್ಲ.

ಮೊದಮೊದಲು ಈ ಪರದೆಯ ಮುಂದೆ ಕೂತವರು ರಾಜರು, ಅಧಿಕಾರಿಗಳು, ಉಳ್ಳವರು. ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರದಾ ಪಾಲಿಸುವ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಬ್ರಿಟಿಷ್ ಮಹಿಳೆಗೆ ವಹಿಸಿದ್ದರು. ಅಲ್ಲಿಗೂ ಬಂದವರು ಶ್ರೀಮಂತ ಮನೆತನದವರೇ.

1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ಬೆಳಗಿತು. ಬಲ್ಬು ಬಂದ ಮೇಲೆ ಸ್ಟುಡಿಯೋಗೆ ಗಾಜಿನ ಮಾಡು ಬೇಕಾಗಲಿಲ್ಲ, ಪೇಟೆಬೀದಿಯ ಸಣ್ಣ ಮಳಿಗೆ ಸಾಕಾಯಿತು. ಮುಖದ ಒಂದು ಬದಿಗೆ ದೊಡ್ಡ ಲೈಟು, ಇನ್ನೊಂದು ಬದಿಯ ನೆರಳು ತಿಳಿಯಾಗಿಸಲು ಸಣ್ಣ ಲೈಟು, ಕಪ್ಪು ಕೂದಲು ಪರದೆಯಲ್ಲಿ ಕಲೆತುಹೋಗದಂತೆ ಹಿಂದಿನಿಂದ ಮೂರನೆಯದು. ಕರೆಂಟು ಹಳ್ಳಿ ಪೇಟೆಗಳಿಗೆ ಹಬ್ಬಿದಂತೆ ಹೊಸ ಜೋಡಿಗಳು, ಮಿಲಿಟರಿಗೆ ಹೊರಟ ಮಕ್ಕಳು, ಎಸ್ಸೆಸ್ಸೆಲ್ಸಿ ಮುಗಿಸಿದ ಗೆಳೆಯರು ಈ ಬೆಳಕಿನ ಕೆಳಗೆ ಕೂತರು. ತಮಗಿಷ್ಟವಾದ ಪರದೆಯನ್ನು ತಾವೇ ಆರಿಸಿಕೊಂಡರು.

ಆಮೇಲೆ ಸರ್ಕಾರಕ್ಕೂ ಫೋಟೊ ಬೇಕಾಯಿತು. 1993ರಲ್ಲಿ ಮತದಾರರ ಗುರುತಿನ ಚೀಟಿ, 2010ರಲ್ಲಿ ಆಧಾರ್ ಬಂತು. ಆಧಾರ್ ನೋಂದಣಿಯ ಸಲಕರಣೆಗಳಲ್ಲಿ ಬಿಳಿ ಪರದೆಯೂ ಒಂದು. ನೆರಳು ಬೀಳಬಾರದು, ಮುಖ ನೇರ ಇರಬೇಕು, ಹಿಂದೆ ಏನೂ ಇರಬಾರದು. ಗುರುತು ಹಿಡಿಯಲು ಅದು ಸರಿಯೇ. ಆದರೆ ಅಲ್ಲಿ ಕೂತವರಿಗೆ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ.

ನಿಧನ ಸುದ್ದಿಗೆಂದು ನನ್ನ ಮೊಬೈಲಿಗೆ ಬರುವ ಫೋಟೊಗಳಲ್ಲಿ ಎಷ್ಟೋ ಆಧಾರ್ ಕಾರ್ಡಿನಿಂದ ಕತ್ತರಿಸಿದವು. ಜೀವಮಾನವಿಡೀ ಗದ್ದೆಯಲ್ಲಿ ದುಡಿದವರ ಕೊನೆಯ ಚಿತ್ರ ಬೆಚ್ಚಿದ ಕಣ್ಣಿನದು. ಎಷ್ಟೋ ಮನೆಗಳಲ್ಲಿ ಅವರದೇ ಯೌವನದ ಸ್ಟುಡಿಯೋ ಫೋಟೊ ಟ್ರಂಕಿನಲ್ಲಿ ಗೆದ್ದಲು ಹಿಡಿಯುತ್ತಿರುತ್ತದೆ.

ಅದನ್ನು ಹೊರತೆಗೆಯಿರಿ. ಹಿಂದೆ ಸ್ಟುಡಿಯೋದ ಮೊಹರು ಇದೆಯೇ ನೋಡಿ. ಹಿರಿಯರು ಇರುವಾಗಲೇ ಕೇಳಿ ಹೆಸರು, ಊರು, ವರ್ಷ ಒಂದು ಚೀಟಿಯಲ್ಲಿ ಬರೆದಿಡಿ. ಒಂದೇ ಪರದೆ ನೆರೆಮನೆಯ ಫೋಟೊದಲ್ಲೂ ಕಂಡರೆ ಎರಡೂ ಒಂದೇ ಸ್ಟುಡಿಯೋದವು ಇರಬಹುದು. ಊರಿನ ಚರಿತ್ರೆ ಬರೆಯಲು ಹೊರಟವರಿಗೆ ಅಷ್ಟು ಸುಳಿವೂ ದೊಡ್ಡದು.