ಹೊಟ್ಟೆಗೂ ತಟ್ಟುವ ಕೊರೊನಾ: ತಿಳಿದಿರಬೇಕಾದ ಸಂಗತಿಗಳು

2020ರ ಮೇ ತಿಂಗಳಲ್ಲಿ ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ಮರಳಿದವರಲ್ಲಿ ಸೋಂಕು ದೃಢಪಡುವುದರೊಂದಿಗೆ, ಅದುವರೆಗೆ ಹಸಿರು ವಲಯದಲ್ಲಿದ್ದ ಹಾಸನ ಜಿಲ್ಲೆಗೂ ಕೊರೊನಾ ಕಾಲಿಟ್ಟಿತು. ಆ ದಿನಗಳಲ್ಲಿ ತಪಾಸಣೆಯ ಗಮನವೆಲ್ಲ ಜ್ವರ, ಕೆಮ್ಮು ಹಾಗೂ ಉಸಿರಾಟದ ತೊಂದರೆಗಳ ಮೇಲಿತ್ತು. ಆದರೆ ಕೆಲವು ರೋಗಿಗಳಲ್ಲಿ ಈ ಸೋಂಕಿನ ಮೊದಲ ಸೂಚನೆ ದೊರೆಯುವುದು ಹೊಟ್ಟೆಯಿಂದ.

ಕರುಳನ್ನು ತಲಪುವ ಬಗೆ

ವೈರಾಣು ಜೀವಕೋಶದೊಳಗೆ ಪ್ರವೇಶಿಸಲು ಎಸಿಇ-2 ಎಂಬ ಪ್ರೋಟೀನನ್ನು ಆಶ್ರಯಿಸುತ್ತದೆ. ಸಣ್ಣ ಕರುಳಿನ ಒಳಪದರದಲ್ಲಿ ಈ ಪ್ರೋಟೀನು ಹೇರಳವಾಗಿದೆ. ಅಲ್ಲಿನ ಕೋಶಗಳಿಗೆ ಸೋಂಕು ತಗುಲಿ ಉರಿಯೂತ ಉಂಟಾದಾಗ ನೀರು, ಪೋಷಕಾಂಶಗಳನ್ನು ಹೀರಿಕೊಳ್ಳುವ ಕ್ರಿಯೆಗೆ ಅಡ್ಡಿಯಾಗುತ್ತದೆ.

ಲಕ್ಷಣಗಳು

ಹಸಿವಾಗದಿರುವುದು, ವಾಕರಿಕೆ, ವಾಂತಿ, ಭೇದಿ ಮತ್ತು ಹೊಟ್ಟೆನೋವು ಸಾಮಾನ್ಯ. ಕೆಲವರಲ್ಲಿ ಜ್ವರ, ಕೆಮ್ಮು ಬರುವ ಮೊದಲೇ ಇವು ತಲೆದೋರಬಹುದು. ಯಕೃತ್ತಿನ ಕಿಣ್ವಗಳ ಪ್ರಮಾಣ ರಕ್ತದಲ್ಲಿ ಏರುವುದೂ ಉಂಟು. ಇದು ಬಹುತೇಕ ತಾತ್ಕಾಲಿಕ.

ಮಲದಲ್ಲಿ ವೈರಾಣುವಿನ ಕುರುಹು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸೋಂಕಿತರಲ್ಲಿ ಸುಮಾರು ಶೇ. 49ರಷ್ಟು ಮಂದಿಯ ಮಲದಲ್ಲಿ ಮೊದಲ ವಾರ ವೈರಾಣುವಿನ ಆರ್‌ಎನ್‌ಎ ಕಂಡುಬಂದಿತ್ತು. ಏಳು ತಿಂಗಳ ನಂತರವೂ ಸುಮಾರು ಶೇ. 4ರಷ್ಟು ಮಂದಿಯಲ್ಲಿ ಅದು ಉಳಿದಿತ್ತು. ಆರ್‌ಎನ್‌ಎ ಸಿಕ್ಕಿತೆಂದ ಮಾತ್ರಕ್ಕೆ ಅವರಿಂದ ರೋಗ ಹರಡುತ್ತದೆ ಎಂದರ್ಥವಲ್ಲ. ಈ ಕುರುಹನ್ನೇ ಆಧರಿಸಿ ಬೆಂಗಳೂರಿನಲ್ಲಿ 2021ರಿಂದ ಕೊಳಚೆ ನೀರನ್ನು ಪರೀಕ್ಷಿಸಿ, ನಗರದಲ್ಲಿ ಸೋಂಕಿನ ಏರಿಳಿತವನ್ನು ಗುರುತಿಸಲಾಯಿತು.

ಆರೈಕೆ ಹೇಗೆ?

ಹಳೇಕೋಟೆಯಂತಹ ಹೋಬಳಿಯಿರಲಿ, ಮಹಾನಗರವಿರಲಿ, ಭೇದಿಯಾದಾಗ ಎದುರಾಗುವ ಮುಖ್ಯ ಅಪಾಯ ನಿರ್ಜಲೀಕರಣ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಬೇಕು. ಓಆರ್‌ಎಸ್ ಪೊಟ್ಟಣ ದೊರೆತರೆ ಇನ್ನೂ ಒಳ್ಳೆಯದು. ಗಂಜಿ, ಮಜ್ಜಿಗೆಯಂತಹ ಹಗುರ ಆಹಾರ ನೀಡಬಹುದು. ಆಂಟಿಬಯಾಟಿಕ್‌ಗಳು ವೈರಾಣುವನ್ನು ಕೊಲ್ಲಲಾರವು. ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗಿದರೆ ಭೇದಿ ಹೆಚ್ಚುವ ಸಂಭವವೂ ಇದೆ.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರದ ಪ್ರಮಾಣದಲ್ಲಿ ಇಳಿಕೆ, ತೀವ್ರ ನಿಶ್ಶಕ್ತಿ ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೃದ್ಧರು, ಮಕ್ಕಳು ಹಾಗೂ ಮಧುಮೇಹಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡಿದ್ದರೂ ವೈರಾಣು ಮರೆಯಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಕೆಮ್ಮು, ಇನ್ನೊಬ್ಬರಿಗೆ ಭೇದಿ ಕಾಣಿಸಿಕೊಂಡರೆ ಎರಡಕ್ಕೂ ಕಾರಣ ಒಂದೇ ಇರಬಹುದೆಂಬುದನ್ನು ವೈದ್ಯರ ಗಮನಕ್ಕೆ ತರುವುದು ಒಳಿತು.